ತಾಮ್ರಪಟದ ಸುಳ್ಳು



ಲಂಡನ್ ನಗರದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ, ಟೆಟಿಶೇರಿ ಎಂಬ ಈಜಿಪ್ಟಿನ ರಾಣಿಯದೆಂದು ಹೆಸರಾದ, ಪೀಠದ ಮೇಲೆ ಕುಳಿತ ತರುಣಿಯ ಪುಟ್ಟ ಶಿಲಾಪ್ರತಿಮೆಯೊಂದುಂಟು. 1890ರ ಸುಮಾರಿಗೆ ಅದು ಆ ಸಂಗ್ರಹವನ್ನು ಸೇರಿದಂದಿನಿಂದ, ಈಜಿಪ್ಟಿನ ಶಿಲ್ಪವನ್ನು ಕುರಿತು ಗ್ರಂಥ ಬರೆದ ವಿದ್ವಾಂಸರು ಒಬ್ಬರಾದ ಮೇಲೊಬ್ಬರು ಆ ಮುಖದ ಸೌಕುಮಾರ್ಯವನ್ನು ಕೊಂಡಾಡುತ್ತ, ಹದಿನೆಂಟನೆಯ ರಾಜವಂಶದ ಕಲೆಯ ಅರುಣೋದಯವನ್ನೇ ಅದರಲ್ಲಿ ಕಂಡರು. 1984ರಲ್ಲಿ ಅದೇ ಮ್ಯೂಸಿಯಮ್ಮಿನ ಡೇವೀಸ್ ಎಂಬ ವಿದ್ವಾಂಸರು, ಆ ಪ್ರತಿಮೆಯ ಮೇಲಣ ಲಿಪಿಯನ್ನು, ಹಿಂದೆ ಕೈರೋ ನಗರದಲ್ಲಿದ್ದು ಆಮೇಲೆ ಕಣ್ಮರೆಯಾದ ಇನ್ನೊಂದು ಭಗ್ನಪ್ರತಿಮೆಯ ಲಿಪಿಯೊಡನೆ ಒತ್ತಟ್ಟಿಗಿಟ್ಟು ಪರಿಶೀಲಿಸಿ, ಆ ಭಗ್ನಪ್ರತಿಮೆಯೇ ಮೂಲವೆಂದೂ, ಮ್ಯೂಸಿಯಮ್ಮಿನ ಸುಂದರಿಯು ಅದನ್ನು ನೋಡಿ ಹತ್ತೊಂಬತ್ತನೆಯ ಶತಮಾನದ ಕುಶಲಿಯೊಬ್ಬ ಕಡೆದ ಕೃತಕವಸ್ತುವೆಂದೂ ಸಾಧಿಸಿ ತೋರಿಸಿದರು. ಮೂರೂವರೆ ಸಾವಿರ ವರ್ಷದ ರಾಣಿಗೆ ನೂರು ವರ್ಷದ ಆಸುಪಾಸಿನ ವಯಸ್ಸೆಂದಾಯಿತು. ಮುಖವು ಮೊದಲು ಹೇಗಿದ್ದಿತೋ ಹಾಗೆಯೇ ಇದ್ದಿತು. ಹೊಗಳಿಕೆ ಮಾತ್ರ ನಿಂತುಹೋಯಿತು.

ನೈಲ್ ನದಿಯ ಈ ವೃತ್ತಾಂತವನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಮಹಾಜನರ ಮುಂದೆ ತೆಗೆಯುವುದೇಕೆಂದು ಕೇಳುವವರಿರಬಹುದು. ಕಾವೇರಿ ಶಿಂಷಾ ನದಿಗಳ ನಡುವಣ ನಮ್ಮ ಸೀಮೆಯಲ್ಲಿಯೂ, ಕಲ್ಲಿನಲ್ಲಿ ಅಲ್ಲದಿದ್ದರೆ ತಾಮ್ರದಲ್ಲಿ, ಇಂತಹದೇ ಒಂದು ವಿವಾದ ಹುಟ್ಟಿ, ಎರಡು ತಲೆಮಾರಿನ ವಿದ್ವಾಂಸರನ್ನು ಜಗಳಕ್ಕೆ ಹಚ್ಚಿದ್ದುಂಟು. ಅದರ ಸಾಕ್ಷ್ಯಗಳಲ್ಲಿ ಕೆಲವು ನಮ್ಮ ಹಳ್ಳಿಗಳಲ್ಲಿಯೇ ದೊರೆತವಾದುದರಿಂದ, ಆ ಜಗಳದ ಸಂಗತಿ ನಮಗೆ ತಿಳಿದಿರುವುದು ಯುಕ್ತ.

ಮಂಡ್ಯ ಜಿಲ್ಲೆಯೆಂಬುದು 1939ರಲ್ಲಿ ಏರ್ಪಟ್ಟದ್ದು; ಅದಕ್ಕೆ ಮುಂಚೆ ಈ ತಾಲ್ಲೂಕುಗಳೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದುವು. ಬೆಂಗಳೂರಿನಲ್ಲಿಯೇ ಹುಟ್ಟಿ ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಅಧಿಪತಿಗಳಾಗಿದ್ದ ಬಿ. ಎಲ್. ರೈಸ್ ಮಹಾಶಯರು ಊರೂರು ಶೋಧಿಸಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟ, 1894ರಲ್ಲಿ ಹೊರಬಂದದ್ದು, ಮಂಡ್ಯ ಮಳವಳ್ಳಿ ತಾಲ್ಲೂಕುಗಳ ಶಾಸನಗಳನ್ನೊಳಗೊಂಡಿದೆ. (ಸಾತಕರ್ಣಿಯ ಪ್ರಾಕೃತ ಕಂಬವಿರುವ ಮಳವಳ್ಳಿ ಶಿಕಾರಿಪುರದ ಕಡೆಯದು, ನಮ್ಮದಲ್ಲ, ಆ ಕೀರ್ತಿಯನ್ನು ನಮ್ಮ ಊರಿಗೆ ಕಟ್ಟಿ ಹೆಮ್ಮೆಪಡುವ ಮಿತ್ರರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.) ಮಂಡ್ಯ ತಾಲ್ಲೂಕಿನ ಹಳ್ಳೆಗೆರೆಯಲ್ಲಿ ದೊರೆತ ಗಂಗವಂಶದ ದೊರೆ ಶಿವಮಾರನ ತಾಮ್ರಶಾಸನ ಈ ಸಂಪುಟದಲ್ಲಿದೆ. ಶಕವರ್ಷ 635, ಅಂದರೆ ಕ್ರಿ.ಶ. 713, ತನ್ನ ಆಳಿಕೆಯ ಮೂವತ್ತುನಾಲ್ಕನೆಯ ವರ್ಷದಲ್ಲಿ, ಪಲ್ಲವ ರಾಜಕುಮಾರರಿಬ್ಬರ ಬಿನ್ನಹದಂತೆ ಆ ದೊರೆ ದಾನಮಾಡಿದನೆಂದು ಅದರ ಒಕ್ಕಣೆ. ನಾಗಮಂಗಲದ ತಾಮ್ರಶಾಸನವೆಂದು ರೈಸರು 1873ರಷ್ಟು ಹಿಂದೆಯೇ ಅಚ್ಚುಹಾಕಿಸಿ, ಈಚೆಗೆ ದೇವರಹಳ್ಳಿಯ ಶಾಸನವೆಂದು ಕರೆಯಲ್ಪಡುವ ಇನ್ನೊಂದು, ಅದೇ ವಂಶದ ಶ್ರೀಪುರುಷನ ಆಳಿಕೆಯ ಐವತ್ತನೆಯ ವರ್ಷದ್ದು, ಶಕ 698ಕ್ಕೆ ಸೇರಿದ್ದು. ನಿರ್ಗುಂದದ ಅರಸು ಪರಮಗೂಳನ ರಾಣಿಯಾದ ಕುಂದಾಚ್ಚಿಯೆಂಬ ಪುಣ್ಯಾಂಗನೆ, ತಾಯಿಯ ಕಡೆಯಿಂದ ಪಲ್ಲವಕುಲದವಳು, ಶ್ರೀಪುರದ ಬಡಗಣ ದೆಸೆಯಲ್ಲಿ ಲೋಕತಿಲಕವೆಂಬ ಜಿನಭವನವನ್ನು ಕಟ್ಟಿಸಲು, ಅದರ ಪೂಜೆಗೂ ಜೀರ್ಣೋದ್ಧಾರಕ್ಕೂ ದೊರೆಯು ಪೊನ್ನಳ್ಳಿಯೆಂಬ ಗ್ರಾಮವನ್ನು ಬಿಟ್ಟನೆಂದು ಅದು ಸಾರುತ್ತದೆ.

ಇಂತಹ ತಾಮ್ರಪಟಗಳನ್ನು ಕೈಯಲ್ಲಿ ಹಿಡಿದು ನೋಡಿದವರು ನಮ್ಮಲ್ಲಿ ಕಡಮೆ. ಅಂಗೈಯಗಲಕ್ಕಿಂತ ಒಂದಿಷ್ಟು ಉದ್ದವಾದ ಮೂರೋ ಐದೋ ತಗಡುಗಳು; ಒಂದು ಇನ್ನೊಂದಕ್ಕೆ ಉಜ್ಜಿ ಅಕ್ಷರ ಸವೆಯದಿರಲೆಂದು ಅಂಚನ್ನು ತುಸು ಮೇಲೆತ್ತಿರುವರು; ಮೊದಲಿನ ತಗಡಿನ ಮುಂಬದಿಯನ್ನೂ ಕಡೆಯದರ ಹಿಂಬದಿಯನ್ನೂ ಸಾಮಾನ್ಯವಾಗಿ ಬರಹವಿಲ್ಲದೆ ಬಿಡುವರು; ಎಡಮಗ್ಗುಲಿನ ತೂತಿನಲ್ಲಿ ಹಾಯಿಸಿದ ಬಳೆಯ ತುದಿಗೆ ಮುದ್ರೆ, ಗಂಗರದಾದರೆ ಆ ಮುದ್ರೆಯಲ್ಲಿ ನಿಂತ ಆನೆ. ಮೊದಲಿಗೆ ಸಂಸ್ಕೃತದಲ್ಲಿ ರಾಜವಂಶದ ಪ್ರಶಸ್ತಿ, ನಡುವೆ ದಾನದ ವಿವರ, ಅನಂತರ ಬಹುಮಟ್ಟಿಗೆ ಕನ್ನಡದಲ್ಲಿ ಗ್ರಾಮದ ಎಲ್ಲೆ, ಕಡೆಯಲ್ಲಿ ದಾನವನ್ನು ಅಪಹರಿಸಿದವನಿಗೆ ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುವ ಶಾಪ.

ಇಂತಹ ಗಂಗ ತಾಮ್ರಪಟಗಳಲ್ಲಿ ಬಹುಭಾಗ ಖೋಟಾ ಎಂದು ಸಾರಿದವರು, ಮುಂಬಯಿ ಪ್ರಾಂತದಲ್ಲಿ ಅಧಿಕಾರಿಗಳಾಗಿದ್ದು ಕನ್ನಡ ಶಾಸನಗಳಲ್ಲಿ ಅಸಾಮಾನ್ಯ ಪ್ರಭುತ್ವ ಪಡೆದಿದ್ದ ಜೆ. ಎಫ್. ಫ್ಲೀಟ್. ಸೂಡಿಯ ತಾಮ್ರಪಟವನ್ನು ಸಂಪಾದಿಸುವಾಗ ಆರಂಭಿಸಿದ ಈ ಆಕ್ಷೇಪವನ್ನು ಅವರು 1901ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಭಾರತದ ಕೃತಕ ಶಾಸನಗಳ ಪಟ್ಟಿಯೊಂದನ್ನೇ ಕೊಟ್ಟು ಮುಂದುವರಿಸಿದರು. ಅವರ ವಾದಗಳು ಹಾರಿಕೆಯವಾಗಿರಲಿಲ್ಲ. ಖ, ಜ, ಬ, ಲ ಎಂಬ ಅಕ್ಷರಗಳಿಗೆ ಹಳೆಯ ರೂಪವೊಂದು, ಹೊಸ ರೂಪವೊಂದು. ಹೊಸ ರೂಪವು ಕ್ರಿ.ಶ. 800ರ ಆಸುಪಾಸಿಗೆ ಮುಂಚೆ ಬಳಕೆಯಲ್ಲಿರಲಿಲ್ಲವೆಂಬುದು ಅವರ ಗಣನೆ. ಐದನೆಯ ಶತಮಾನದ್ದೆಂದು ಹೇಳಿಕೊಳ್ಳುವ ಪಟದಲ್ಲಿ ಹೊಸ ‘ಬ’ಕಾರ ಬಂದಿತೆಂದರೆ, ಕಳ್ಳನು ಅಲ್ಲಿ ಹೆಜ್ಜೆಯ ಗುರುತು ಬಿಟ್ಟನೆಂದೇ ಅರ್ಥ. ತಿಥಿ, ವಾರ, ನಕ್ಷತ್ರಗಳು ಗಣಿತಕ್ಕೆ ಕೂಡಿಬರುವುದಿಲ್ಲವೆಂಬುದು ಇನ್ನೊಂದು ಆಕ್ಷೇಪ. ಮೂರನೆಯದು ಸ್ವಾರಸ್ಯದ್ದು: ಶತಮಾನಗಳ ಅಂತರವುಳ್ಳ ಪಟಗಳನ್ನು ಬರೆದವನು ವಿಶ್ವಕರ್ಮನೆಂಬ ಒಬ್ಬನೇ ಆಗಿರುವುದು. ವಿಶ್ವಕರ್ಮ ಎಂಬುದು ಒಬ್ಬನ ಹೆಸರಲ್ಲ, ಕಂಚುಗಾರ ಅಕ್ಕಸಾಲೆಗಳ ಕುಲಕ್ಕೇ ಸಲ್ಲುವ ಬಿರುದು ಎಂದು ಇತರರು ಸಮಾಧಾನ ಹೇಳಿದರು. ಈ ಒಂದು ಅಂಶದಲ್ಲಿ ನನಗೆ ಸಮಾಧಾನವೇ ಸರಿಯೆಂದು ತೋರುತ್ತದೆ. ನಮ್ಮ ಊರುಗಳ ಆಚಾರಿಗಳನ್ನು ಬಲ್ಲ ಯಾರಿಗೂ ಇದು ವಿಚಿತ್ರವಲ್ಲ.

ಆದರೆ ಸಮಾಧಾನವಿಲ್ಲದ ಪಟಗಳೂ ಉಂಟು. ತಂಜಾವೂರಿನಲ್ಲಿ ದೊರೆತ ಹರಿವರ್ಮನ ಪಟವನ್ನೇ ತೆಗೆದುಕೊಳ್ಳಿ. ವಾದಿಮದಗಜೇಂದ್ರನೆಂಬ ಬೌದ್ಧ ಪಂಡಿತನೊಬ್ಬನು ವಿದ್ಯಾಗರ್ವದಿಂದ ತಲವನಪುರದ, ಎಂದರೆ ನಮ್ಮ ಮಳವಳ್ಳಿಯ ನೆರೆಯ ತಲಕಾಡಿನ, ಅರಮನೆಯ ಬಾಗಿಲಿಗೆ ಸವಾಲಿನ ಓಲೆಯನ್ನು ಅಂಟಿಸಲು, ಮಾಧವಭಟ್ಟನೆಂಬ ಬ್ರಾಹ್ಮಣನು ರಾಜಸಭೆಯಲ್ಲಿ ಅವನನ್ನು ಸೋಲಿಸಿ ವಾದೀಭಸಿಂಹನೆಂಬ ಬಿರುದನ್ನೂ ಒರೆಕೋಡೆಂಬ ಗ್ರಾಮವನ್ನೂ ಪಡೆದನಂತೆ. ಕಥೆ ಮನೋಹರವಾಗಿದೆ. ಕಾಲ ಮಾತ್ರ ಶಕ 169, ಎಂದರೆ ಕ್ರಿ.ಶ. 248ರ ಸುಮಾರು, ಗಂಗರ ಮೂಲಪುರುಷನಾದ ಕೊಂಗುಣಿವರ್ಮನೇ ರಾಜ್ಯ ಕಟ್ಟಿದ್ದು ಅದಕ್ಕಿಂತ ನೂರು ವರ್ಷ ಈಚೆಗೆಂದು ಈಗಿನ ಚರಿತ್ರಕಾರರು ಹೇಳುವುದರಿಂದ, ಮೊಮ್ಮಗನಾದ ಹರಿವರ್ಮನು ಅಜ್ಜ ಹುಟ್ಟುವ ಮುಂಚೆಯೇ ದಾನಕೊಟ್ಟಂತಾಯಿತು.

ಇದಕ್ಕಿಂತ ಪ್ರಸಿದ್ಧವಾದದ್ದು ಮಡಿಕೇರಿಯ ತಾಮ್ರಪಟ. ಗಂಗ ದೊರೆ ಅವಿನೀತನ ಹೆಸರಿನದು, ವರ್ಷ 388. ಶಕವೆಂದು ಎಣಿಸಿದರೆ ಕ್ರಿ.ಶ. 466. ತಲವನನಗರದ ಶ್ರೀವಿಜಯ ಜಿನಾಲಯಕ್ಕೆ ಬದಣೆಗುಪ್ಪೆ ಗ್ರಾಮವನ್ನು ಕೊಟ್ಟ ವಿಚಾರ. ಆ ಬದನಗುಪ್ಪೆ ಈಗಲೂ ಇದೆ. ಚಾಮರಾಜನಗರದ ರೈಲಿನಲ್ಲಿ ಹೋಗುವವರು ಆ ಹೆಸರಿನ ನಿಲ್ದಾಣವನ್ನು ದಾಟಿಯೇ ಹೋಗಬೇಕು. ಕೃತಕವನ್ನು ಬಯಲಿಗೆಳೆದದ್ದು ಒಂದು ಪದ: ದಾನ ಮಾಡಿಸಿದವನು ಅಕಾಲವರ್ಷ ಪೃಥ್ವೀವಲ್ಲಭನ ಮಂತ್ರಿಯೆಂದು ಪಟವು ಹೇಳುತ್ತದೆ, ಅಕಾಲವರ್ಷನೆಂಬುದಾದರೋ ರಾಷ್ಟ್ರಕೂಟ ಕೃಷ್ಣರ ಬಿರುದು, ಆ ಬಿರುದಿನ ಅರಸರು ಅವಿನೀತನಿಗೆ ಇನ್ನೂರು ವರ್ಷಗಳಾದರೂ ಈಚೆಯವರು. ಹೀಗಿದ್ದರೂ ಈ ಪಟದಲ್ಲಿ ಕೊಂಡಕುಂದಾನ್ವಯದ ಗುರುಪರಂಪರೆ ಬಂದಿರುವುದರಿಂದ, ಜೈನಗುರು ಕುಂದಕುಂದಾಚಾರ್ಯರ ಕಾಲವನ್ನು ಗೊತ್ತುಮಾಡುವುದಕ್ಕೆ 466 ಎಂಬ ಈ ಅಂಕಿಯನ್ನು ಎಷ್ಟೋ ಮಂದಿ ವಿದ್ವಾಂಸರು ಆಧಾರವಾಗಿ ಹಿಡಿದರು. ಖೋಟಾ ಪಟದ ನಿಜವಾದ ಅಪಾಯವಿರುವುದು ಇಲ್ಲಿಯೇ. ಗಾಜಿನ ಪೆಟ್ಟಿಗೆಯೊಳಗಿನ ಕೃತಕವಸ್ತು ಯಾರಿಗೂ ಕೇಡು ಮಾಡದು; ಅದರ ತೇದಿ ಪುಸ್ತಕದಿಂದ ಪುಸ್ತಕಕ್ಕೆ ಹಾಯುತ್ತ ಹೋದರೆ ತಡೆಯುವವರಿಲ್ಲ.

ಹಾಗೆಂದು ಫ್ಲೀಟರ ತೀರ್ಪೆಲ್ಲ ಸರಿಯೆನ್ನಲಾಗದು. ಒಂದು ಮನೆಯಲ್ಲಿ ನಾಲ್ಕು ನಾಣ್ಯ ಖೋಟಾ ಸಿಕ್ಕಿದುವೆಂದು ಆ ಮನೆಯ ಹಣವೆಲ್ಲ ಖೋಟಾ ಎಂದು ಸಾಹುಕಾರನು ತಳ್ಳಿಬಿಟ್ಟಂತೆ, ಆರಂಭದಲ್ಲಿ ಅವರು ಗಂಗರ ಪ್ರಾಚೀನ ವಂಶಾವಳಿಯನ್ನೇ ಕಟ್ಟುಕಥೆಯೆಂದು ತಳ್ಳಿಹಾಕಿದರು. ರೈಸರು ಒಪ್ಪಲಿಲ್ಲ, ರೈಸರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು ಮೈಸೂರಿನ ಪುರಾತತ್ತ್ವ ವರದಿಗಳಲ್ಲಿ ವರ್ಷವರ್ಷವೂ ಹೊಸ ಪಟಗಳನ್ನು ತಂದೊಡ್ಡಿದರು. ಕಡೆಗೆ ಪೆನುಕೊಂಡೆಯ ತಾಮ್ರಪಟ ದೊರೆತಾಗ, ಅದರ ಲಿಪಿಯನ್ನು ನೋಡಿ, ಇದು ಸಾಚಾ ಎಂದು ಫ್ಲೀಟರೇ ಒಪ್ಪಿಕೊಂಡರು. ತಾನು ಕಟ್ಟಿದ ವಾದವನ್ನು ತಾನೇ ಸಡಿಲಿಸುವ ಆ ಧೈರ್ಯ ವಿದ್ವಾಂಸರಲ್ಲಿ ಸುಲಭವಾಗಿ ಕಾಣುವುದಲ್ಲ. 1984ರಲ್ಲಿ ಕೆ. ವಿ. ರಮೇಶರು ಪಶ್ಚಿಮ ಗಂಗರ ಶಾಸನಗಳನ್ನು ಒಟ್ಟುಗೂಡಿಸಿದಾಗ, ಒಂದೊಂದನ್ನೂ ಅದರದರ ಲಿಪಿ ಭಾಷೆಗಳಿಂದ ತೂಗಿ ನೋಡುವ ಪದ್ಧತಿ ನೆಲೆಗೊಂಡಿದ್ದಿತು. ನಮ್ಮ ಕುಂದಾಚ್ಚಿಯ ಪಟದ ಮೇಲಣ ಅಪವಾದವನ್ನು ಈಗಿನ ವಿದ್ವಾಂಸರು ಸಾಮಾನ್ಯವಾಗಿ ಎಣಿಸುವುದಿಲ್ಲ. ಲೋಕತಿಲಕ ಜಿನಾಲಯ ಚರಿತ್ರೆಯಲ್ಲಿ ತನ್ನ ಸ್ಥಾನವನ್ನು ಮರಳಿ ಪಡೆದಿದೆ.

ತಾಮ್ರ ತಪ್ಪಿನಡೆದರೆ ಕಲ್ಲು ಸಾಕ್ಷಿ ಹೇಳುವುದೆಂಬುದಕ್ಕೆ ಮದ್ದೂರಿನವರು ದೂರ ಹೋಗಬೇಕಾಗಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಶಕ 872ರಲ್ಲಿ ನಿಲ್ಲಿಸಿದ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವುದು, ಯಾವ ಪಂಡಿತನೂ ಶಂಕಿಸದ ದಾಖಲೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದದ್ದು, ರಾಷ್ಟ್ರಕೂಟ ಮೂರನೆಯ ಕೃಷ್ಣನು ಗಂಗ ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮೂನೂರು ಮುಂತಾದ ನಾಡುಗಳನ್ನು ಕೊಟ್ಟದ್ದು ಇದರಲ್ಲಿದೆ. ಸೂಡಿಯ ತಾಮ್ರಪಟವು ಇದೇ ಬೂತುಗನ ಹೆಸರನ್ನು ಹೊತ್ತು ಬಂದಾಗ ಫ್ಲೀಟರ ಕೈಯಲ್ಲಿದ್ದ ಒರೆಗಲ್ಲುಗಳಲ್ಲಿ ನಮ್ಮ ಆತಕೂರೂ ಒಂದು. ಆದರೆ ಆ ಕಲ್ಲು ಹುಟ್ಟಿದ್ದು ರಾಜಕಾರ್ಯಕ್ಕಲ್ಲ. ಬೂತುಗನ ಸೇವಕ ಮಣಲೇರನು ತನ್ನ ಪರಾಕ್ರಮಕ್ಕೆ ಮೆಚ್ಚಾಗಿ ಕೃಷ್ಣರಾಜನಿಂದ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು; ಕೆಳಲೆ ನಾಡಿನ ಬೆಳತೂರ ಗುಡ್ಡದಲ್ಲಿ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲು, ನಾಯಿ ಹಂದಿ ಎರಡೂ ಸತ್ತುವು; ಚಲ್ಲೇಶ್ವರನ ಮುಂದೆ ಕಲ್ಲು ನಡಿಸಿ, ಪೂಜೆಗೆ ಭೂಮಿ ಬಿಟ್ಟು, ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪಕ್ಕೆ ಗುರಿಯಾಗುವನೆಂದು ಬರೆಯಿಸಿದರು. ನಾಯಿಯ ಹೆಸರಿನಲ್ಲಿ ಸುಳ್ಳು ಶಾಸನ ಹುಟ್ಟಿಸುವ ಅವಶ್ಯಕತೆ ಯಾರಿಗೂ ಬೀಳುವುದಿಲ್ಲ.

ಅವಶ್ಯಕತೆ ಬೀಳುವುದು ಭೂಮಿಗೆ. ಹರ್ಷವರ್ಧನನ ಮಧುಬನ ಶಾಸನದಲ್ಲಿ, ವಾಮರಥ್ಯನೆಂಬವನು ಕೂಟಶಾಸನವನ್ನು, ಎಂದರೆ ಖೋಟಾ ಪಟವನ್ನು, ತೋರಿಸಿ ಸೋಮಕುಂಡಕಾ ಗ್ರಾಮವನ್ನು ಅನುಭವಿಸುತ್ತಿರಲು, ಚಕ್ರವರ್ತಿಯು ಆ ಪಟವನ್ನು ಮುರಿಸಿ ಗ್ರಾಮವನ್ನು ಬೇರೆಯವರಿಗೆ ಕೊಟ್ಟನೆಂದು ಸ್ಪಷ್ಟವಾಗಿ ಬರೆದಿದೆ. ಮನುವು ಇಂತಹವರಿಗೆ ಮರಣದಂಡನೆಯನ್ನೇ ವಿಧಿಸಿದ್ದಾನೆ. ದಂಡನೆ ಅಷ್ಟು ಕಠಿನವಾಗಬೇಕಾದರೆ ಅಪರಾಧವೂ ಅಷ್ಟು ಹೇರಳವಾಗಿದ್ದಿರಬೇಕು. ಈಜಿಪ್ಟಿನಲ್ಲಿಯೂ ಇದೇ ನಡೆಯಿತು. ಅಸ್ವಾನಿನ ಬಳಿ ನೈಲ್ ನದಿಯ ಸೆಹೇಲ್ ದ್ವೀಪದ ಬಂಡೆಯ ಮೇಲೆ, ಏಳು ವರ್ಷ ಕ್ಷಾಮ ಬಂದಾಗ ಜೋಸರ್ ಮಹಾರಾಜನ ಕನಸಿನಲ್ಲಿ ಖ್ನೂಮ್ ದೇವನು ಬಂದು ನೀರು ಕೊಡುವೆನೆಂದನೆಂದೂ, ಅದಕ್ಕಾಗಿ ರಾಜನು ಆ ಪ್ರಾಂತವನ್ನೂ, ಮೀನುಗಾರ, ಬೇಟೆಗಾರರಿಂದ ಬರುವ ಹತ್ತನೆಯ ಪಾಲನ್ನೂ ದೇವಾಲಯಕ್ಕೆ ಬಿಟ್ಟನೆಂದೂ ಮೂವತ್ತೆರಡು ಸಾಲುಗಳ ಶಾಸನವಿದೆ. ಜೋಸರನು ಕ್ರಿಸ್ತನಿಗೆ ಎರಡು ಸಾವಿರದ ಆರುನೂರು ವರ್ಷಗಳಿಗೂ ಹಿಂದಿನವನು. ಬಂಡೆಯ ಬರಹವಾದರೋ ಟಾಲೆಮಿ ಅರಸರ ಕಾಲದ್ದು, ಎರಡು ಸಾವಿರ ವರ್ಷಕ್ಕಿಂತಲೂ ಈಚೆಗೆ ಹುಟ್ಟಿದ್ದು. ತಮ್ಮ ಆದಾಯಕ್ಕೆ ಪ್ರಾಚೀನತೆಯ ಬೇಲಿ ಕಟ್ಟಬೇಕೆಂದು ಅರ್ಚಕರು ಕೆತ್ತಿಸಿದ್ದೆಂದು ಪಂಡಿತರು ಊಹಿಸುವರು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಬೆಂತ್ರೇಶಳ ಶಿಲೆಯೂ ಹೀಗೆಯೇ ಎರಡನೆಯ ರಾಮ್ಸೆಸನ ಹೆಸರಿನಲ್ಲಿ ಎಷ್ಟೋ ಶತಮಾನ ಕಳೆದ ಮೇಲೆ ಬರೆದದ್ದು.

ಇಲ್ಲಿ ನನ್ನ ಒಂದು ಅಭಿಪ್ರಾಯವನ್ನು ಬಿನ್ನವಿಸುವೆನು. ಕೂಟಶಾಸನವನ್ನು ಪ್ರಶಸ್ತಿಯ ಕಡೆಯಿಂದ ಓದಬಾರದು, ಎಲ್ಲೆಯ ಕಡೆಯಿಂದ ಓದಬೇಕು. ರಾಜನ ಹೆಸರು, ಯುದ್ಧ, ತೇದಿ ಇವುಗಳಲ್ಲಿ ಕೂಟಲೇಖಕನು ಎಷ್ಟು ಬೇಕಾದರೂ ಸುಳ್ಳಾಡಬಹುದು, ಏಕೆಂದರೆ ಪ್ರತಿವಾದಿಗೂ ಅವು ತಿಳಿದಿರುವುದಿಲ್ಲ. ಆದರೆ ಮೂಡಲು ಯಾವ ಮೊರಡಿ, ತೆಂಕಲು ಯಾವ ಕೆರೆಯ ಕೋಡಿ, ಪಡುವಲು ಯಾವ ಹುಣಸೆಯ ಮರ, ಬಡಗಲು ಯಾವ ಊರಿನ ಮುಕ್ಕೂಟ ಎಂಬುದರಲ್ಲಿ ಅವನು ಒಂದು ಮಾರು ತಪ್ಪಿದರೂ ಊರಗೌಡನ ಮುಂದೆ ವ್ಯಾಜ್ಯ ಬಿದ್ದುಹೋಗುವುದು. ಆದುದರಿಂದ ಪಟದಲ್ಲಿ ಕನ್ನಡ ಬಂದ ಕಡೆ ಸಾಮಾನ್ಯವಾಗಿ ನಿಜ ಬಂದಿರುತ್ತದೆ. ಬದಣೆಗುಪ್ಪೆಯನ್ನು ಅವಿನೀತನು ಕೊಡದಿರಬಹುದು. ಆ ಪಟ ಹುಟ್ಟಿದ ಕಾಲದಲ್ಲಿ ಬದಣೆಗುಪ್ಪೆಯಿತ್ತು, ತಲಕಾಡಿನಲ್ಲಿ ಬಸದಿಯಿತ್ತು, ಬಸದಿಯ ಭೂಮಿಗೆ ಯಾರೋ ಕೈಹಾಕುವ ಭಯವಿತ್ತು. ಇಷ್ಟು ಚರಿತ್ರೆಯನ್ನು ಎಷ್ಟೋ ಸಾಚಾ ಪಟಗಳು ಕೊಡುವುದಿಲ್ಲ.

ಮಹಾಭಾರತದ ಹೆಸರನ್ನು ಹೊತ್ತವಂತೂ ಬೇರೊಂದು ಗುಂಪು. ಶಿವಮೊಗ್ಗ ಸೀಮೆಯ ಗೌಜ ಅಗ್ರಹಾರ, ಭೀಮನಕಟ್ಟೆ ಮೊದಲಾದೆಡೆಗಳಲ್ಲಿ, ಪರೀಕ್ಷಿತನ ಮಗ ಜನಮೇಜಯನೇ ಕೊಟ್ಟನೆನ್ನುವ ನಾಗರೀಲಿಪಿಯ ತಾಮ್ರಪಟಗಳಿವೆ. ಗೌಜದ ಪಟದಲ್ಲಿ ಸೂರ್ಯಗ್ರಹಣದ ಉಲ್ಲೇಖವಿರುವುದರಿಂದ, ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಸರ್ ಜಾರ್ಜ್ ಏರಿ ಗಣಿತ ಹಾಕಿ, ಆ ಗ್ರಹಣ ನಡೆದದ್ದು 1521ನೆಯ ಏಪ್ರಿಲ್ 7ನೆಯ ಭಾನುವಾರವೆಂದರು. ಕೃಷ್ಣದೇವರಾಯನು ಆಳುತ್ತಿದ್ದ ಕಾಲ! ನಗುವವರು ನಗಲಿ. ಮದ್ದೂರನ್ನು ಅರ್ಜುನಪುರಿಯೆಂದೂ, ಬೆಟ್ಟವನ್ನು ಕುಂತಿಬೆಟ್ಟವೆಂದೂ, ಫ್ರೆಂಚ್ ರಾಕ್ಸನ್ನು ಪಾಂಡವಪುರವೆಂದೂ ಕರೆದುಕೊಂಡ ನಮ್ಮ ಜಿಲ್ಲೆಯವರು ಮಾತ್ರ ತುಸು ಮೆಲ್ಲಗೆ ನಗಬೇಕು.

ನಿಜವಾದ ವಸ್ತುವನ್ನು ಓದುವಾಗಲೂ ನಮ್ಮ ಆಸೆ ಎಚ್ಚರ ತಪ್ಪಿಸುವುದುಂಟು. ಈಜಿಪ್ಟಿನ ಆಕ್ಸಿರಿಂಕಸ್ಸಿನ ಕಸದ ದಿಬ್ಬದಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನದಲ್ಲಿನ ಅರ್ಥವಾಗದ ಮಾತುಗಳನ್ನು, ಮರುವರ್ಷವೇ ಹುಲ್ಷ್ ಎಂಬ ಜರ್ಮನ್ ಪಂಡಿತರು ಕನ್ನಡವಿರಬಹುದೆಂದರು. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಆ ಜಾಡಿನಲ್ಲಿ ಬಹಳ ಮುಂದಕ್ಕೆ ನಡೆದರು. ಆ ಪ್ರಹಸನವಿರುವ ಪಪೈರಸ್ಸು ಅಪ್ಪಟ ಪ್ರಾಚೀನ. ಅದರ ಕನ್ನಡದ ವಿಷಯದಲ್ಲಿ ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಈ ಕಾಲದ ಖೋಟಾ ವಸ್ತುಗಳದ್ದು ಬರಿಯ ಹಣದ ಕಥೆ. ಪ್ರವಾಸಿಗಳಿಗೆ ಮಾರುವ ಸುಳ್ಳು ಸ್ಕಾರಬ್ (ಜೀರುಂಡೆಯಾಕಾರದ ತಾಯಿತ) ಮೊದಲಾದ ಈಜಿಪ್ಟಿನ ವಸ್ತುಗಳನ್ನು ಕುರಿತು ವೇಕ್ಲಿಂಗ್ ಎಂಬವರು 1912ರಷ್ಟು ಹಿಂದೆಯೇ ಪುಸ್ತಕ ಬರೆದರು. ಇಂಗ್ಲೆಂಡಿನ ಬೋಲ್ಟನ್ ಊರಿನ ಸಂಗ್ರಹಾಲಯವು 2003ರಲ್ಲಿ ಈಜಿಪ್ಟಿನ ಅಮರ್ನಾ ರಾಜಕುಮಾರಿಯೆಂದು 4,40,000 ಪೌಂಡಿಗೆ ಕೊಂಡ ಪ್ರತಿಮೆ, ಅದೇ ಊರಿನವನೊಬ್ಬನು ಮನೆಯಲ್ಲಿಯೇ ಕೆತ್ತಿದ್ದೆಂದು ಆಮೇಲೆ ಹೊರಬಿದ್ದಿತು. ಅವನು ಮುಂದೆ ಮಾರಲೆತ್ನಿಸಿದ ಅಸೀರಿಯದ ಫಲಕಗಳ ಲಿಪಿಯಲ್ಲಿದ್ದ ದೋಷದಿಂದಲೇ ಗುಟ್ಟು ರಟ್ಟಾಯಿತು. ಫ್ಲೀಟರು ಕೇಳಿದ್ದರೆ ಸಂತೋಷಪಡುತ್ತಿದ್ದರು. ಬ್ರಿಟಿಷ್ ಮ್ಯೂಸಿಯಂ 1990ರಲ್ಲಿ ತನ್ನಲ್ಲಿದ್ದ ಖೋಟಾ ವಸ್ತುಗಳನ್ನೇ ಸಾಲಾಗಿ ಜೋಡಿಸಿ ಪ್ರದರ್ಶನ ನಡೆಸಿತು. ನಮ್ಮ ಸಂಗ್ರಹಾಲಯಗಳೂ ಶಂಕಿತ ಪಟಗಳನ್ನು ಕಪಾಟಿನೊಳಗೆ ಹೂಳಿಡದೆ, ಇದು ಇಂತಹ ಅರಸನದೆಂದು ಹೇಳಿಕೊಳ್ಳುವ, ಇಂತಹ ಕಾಲದಲ್ಲಿ ಹುಟ್ಟಿದ ಪಟವೆಂದು ಎರಡು ಸಾಲು ಬರೆದು, ಬೆಳಕಿಗಿಡುವುದು ಮೇಲು.

ಕಡೆಯದಾಗಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಗಳಲ್ಲಿ, ಮಠಗಳಲ್ಲಿ, ಗುಡಿಗಳಲ್ಲಿ ಇರುವವರಲ್ಲಿ ನನ್ನದೊಂದು ಕೋರಿಕೆ. ದೇವರ ಪೆಟ್ಟಿಗೆಯ ತಳದಲ್ಲಿಯೋ ಅಟ್ಟದ ಮೇಲೆಯೋ ಅಕ್ಷರವಿರುವ ತಾಮ್ರದ ತಗಡು ನಿಮಗೆ ಸಿಕ್ಕಿದರೆ, ಹಬ್ಬದ ದಿನ ಪೂಜೆಯ ಪಾತ್ರೆಗಳೊಡನೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ, ಬಳೆಯನ್ನು ಕತ್ತರಿಸಿ ತಗಡುಗಳನ್ನು ಅಣ್ಣತಮ್ಮಂದಿರು ಹಂಚಿಕೊಳ್ಳಬೇಡಿ, ತೂಕಕ್ಕೆ ಮಾರಬೇಡಿ. ನೆಲದಲ್ಲಿ ದೊರೆತದ್ದಾದರೆ ನಿಧಿ ಕಾನೂನಿನ ಮೇರೆಗೆ ಅಧಿಕಾರಿಗಳಿಗೆ ತಿಳಿಸಬೇಕಾದದ್ದು ನಿಮ್ಮ ಕರ್ತವ್ಯ. ಮನೆಯದ್ದಾದರೂ ಮೈಸೂರಿನಲ್ಲಿರುವ ಪುರಾತತ್ತ್ವ ಇಲಾಖೆಗೆ ಒಂದು ಕಾಗದ ಬರೆದು, ಅಕ್ಷರಗಳ ಚಿತ್ರವನ್ನಾದರೂ ತೆಗೆಯಲು ಅವಕಾಶ ಕೊಡಿ. ಅದು ಖೋಟಾ ಎಂದು ಯಾರಾದರೂ ಹೇಳಿದ್ದರಂತೂ, ತಪ್ಪದೆ ಕೊಡಿ.